ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್: ಫಿಲ್ಮ್ ಹಾಕುವ ಮುನ್ನ ಏನೇನು ನೋಡಬೇಕು?

ಕಪ್ಪುಬಿಳುಪು400 ಕೇಳಿದ ಪ್ರಶ್ನೆ

ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್ ಎಂಬ ಹಳೆಯ ಫಿಲ್ಮ್ ಕ್ಯಾಮೆರಾ ಒಂದು ಸಿಕ್ಕಿದೆ. 45 ಮಿ.ಮೀ. ಎಫ್/1.7 ಲೆನ್ಸ್ ಶುಭ್ರವಾಗಿದೆ, ಫಂಗಸ್ ಇಲ್ಲ. ಬ್ಯಾಟರಿ ಇರಲಿಲ್ಲ. ಬಟನ್ ಒತ್ತಿದರೆ ಶಟರ್ ತೆರೆದು ಮುಚ್ಚುತ್ತದೆ, ಆದರೆ ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ಎಷ್ಟಕ್ಕಿಟ್ಟರೂ ಒಂದೇ ಸದ್ದು, ಒಂದೇ ವೇಗ. ಬೆಳಕು ಒಳನುಗ್ಗದಂತೆ ತಡೆಯುವ ಹಿಂಬಾಗಿಲಿನ ಸ್ಪಂಜು ಟಾರಿನಂತೆ ಅಂಟಾಗಿದೆ. ವ್ಯೂಫೈಂಡರಿನ ನಡುವೆ ಕಾಣುವ ಹಳದಿ ಚೌಕ ತುಂಬ ಮಸುಕು.

ಯಾವ ಬ್ಯಾಟರಿ ಹಾಕಬೇಕು? ಶಟರ್ ಸರಿಯಾದ ವೇಗ ಕೊಡುತ್ತಿದೆಯೇ ಎಂದು ಉಪಕರಣವಿಲ್ಲದೆ ತಿಳಿಯುವುದು ಹೇಗೆ? ಒಂದು ರೋಲ್ ಹಾಳು ಮಾಡಿಕೊಳ್ಳುವ ಮೊದಲೇ ಕ್ಯಾಮೆರಾ ನಂಬಬಹುದೋ ಇಲ್ಲವೋ ಗೊತ್ತಾಗಬೇಕು.

ಅರ್ಧಸ್ಟಾಪ್

ಒಂದೇ ವೇಗ ಬರುತ್ತಿರುವುದು ದೋಷವಲ್ಲ. ಇದರಲ್ಲಿ ಶಟರ್ ಎಷ್ಟು ಹೊತ್ತು ತೆರೆದಿರಬೇಕೆಂದು ತೀರ್ಮಾನಿಸುವುದು ಸರ್ಕ್ಯೂಟು. ವಿದ್ಯುತ್ ಇಲ್ಲದಿದ್ದರೆ ಶಟರ್ ಎಲೆಗಳನ್ನು ತಡೆದು ಹಿಡಿಯುವ ಕಾಂತ ಸುಮ್ಮನಿರುತ್ತದೆ, ಆಗ ಪ್ರತಿ ಸಲವೂ 1/500 ಸೆಕೆಂಡಿಗೇ ಮುಚ್ಚಿಕೊಳ್ಳುತ್ತದೆ.

ಮೂಲದಲ್ಲಿ ಇದಕ್ಕೆ ಹಾಕುತ್ತಿದ್ದದ್ದು 5.6 ವೋಲ್ಟಿನ ಪಾದರಸದ ಬ್ಯಾಟರಿ. ಅದರ ತಯಾರಿಕೆ ನಿಂತಿದೆ. ಈಗ 6 ವೋಲ್ಟಿನ 4ಎಲ್‌ಆರ್44, ಇಲ್ಲವೇ ಅದೇ ಅಳತೆಯ ಸಿಲ್ವರ್ ಆಕ್ಸೈಡ್ 4ಎಸ್‌ಆರ್44 ಹಾಕಿ. 0.4 ವೋಲ್ಟ್ ಹೆಚ್ಚಾಯಿತೆಂದು ತಲೆ ಕೆಡಿಸಿಕೊಳ್ಳಬೇಡಿ, ನೆಗೆಟಿವ್ ಫಿಲ್ಮ್‌ನಲ್ಲಿ ಲೆಕ್ಕಕ್ಕೆ ಬರುವ ವ್ಯತ್ಯಾಸವೇನೂ ಆಗುವುದಿಲ್ಲ. ಹೊಸ ಬ್ಯಾಟರಿ ಮೂಲದ್ದಕ್ಕಿಂತ ಸಣ್ಣದು. ದಪ್ಪ ಕಾಗದ ಸುತ್ತಿ ದಪ್ಪ ಸರಿಮಾಡಿ, ಉಳಿದ ಉದ್ದಕ್ಕೆ ಒಂದು ಸ್ಪ್ರಿಂಗ್ ಇಡಿ. ಸ್ಪ್ರಿಂಗ್ ಬ್ಯಾಟರಿಯ ಒಂದು ತುದಿಗೆ ಮಾತ್ರ ತಾಗಬೇಕು. ಅಲ್ಯೂಮಿನಿಯಂ ಹಾಳೆ ಉಂಡೆ ಮಾಡಿ ತುರುಕಿದರೂ ನಡೆಯುತ್ತದೆ, ಆದರೆ ಸ್ವಲ್ಪ ದಿನಕ್ಕೆ ಅದು ಅಮುಕಿಕೊಂಡು ಸಂಪರ್ಕ ಬಿಟ್ಟುಬಿಡುತ್ತದೆ.

ಬ್ಯಾಟರಿ ಹಾಕುವ ಮುಂಚೆ ಟಾರ್ಚ್ ಹಿಡಿದು ಒಳಗೆ ನೋಡಿ. ಬಿಳಿ ಅಥವಾ ಹಸಿರು ಪುಡಿ ಕಂಡರೆ ಹಳೆಯ ಬ್ಯಾಟರಿ ಸೋರಿದೆ. ಸೋರಿದ್ದು ಕ್ಷಾರ, ಹಾಗಾಗಿ ಹತ್ತಿಕಡ್ಡಿಗೆ ವಿನೆಗರ್ ಅದ್ದಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಒಣಗಲು ಬಿಡಿ. ಬಳಿಕ ಹಿಂಭಾಗದ ಬ್ಯಾಟರಿ ಚೆಕ್ ಬಟನ್ ಒತ್ತಿದರೆ ದೀಪ ಹೊತ್ತಬೇಕು. ಹೊತ್ತದಿದ್ದರೆ ಲೋಹದ ಪಟ್ಟಿಯ ಹಿಂದಿನ ತಂತಿ ಒಳಗೇ ಕೊಳೆತಿರುವ ಸಾಧ್ಯತೆ ಹೆಚ್ಚು. ಅದನ್ನು ಬೆಸುಗೆ ಹಾಕಿ ಬದಲಿಸಬೇಕಾಗುತ್ತದೆ.

ಈಗ ವೇಗದ ಪರೀಕ್ಷೆ. ಫಿಲ್ಮ್ ಇಲ್ಲದೆ, ಹಿಂಬಾಗಿಲು ತೆರೆದು, ರಿಂಗನ್ನು ಆಟೋದಲ್ಲಿಟ್ಟು, ಎಎಸ್‌ಎ (ಫಿಲ್ಮಿನ ಬೆಳಕಿನ ಸಂವೇದನೆಯ ಅಂಕಿ) ಡಯಲನ್ನು 25ಕ್ಕೆ ತಿರುಗಿಸಿ. ಮನೆಯೊಳಗೆ ಬೆಳಕು ಬದಲಾಗದ ಒಂದು ಗೋಡೆಗೆ ಕ್ಯಾಮೆರಾ ಹಿಡಿಯಿರಿ. ಎಫ್/1.7ರಲ್ಲಿ ಒಮ್ಮೆ, ಎಫ್/16ರಲ್ಲಿ ಒಮ್ಮೆ ಒತ್ತಿ. ಎರಡರ ನಡುವೆ ಆರೂವರೆ ಸ್ಟಾಪ್ ಅಂತರ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು ಇಲ್ಲವೇ ಅರ್ಧ), ಅಂದರೆ ಸುಮಾರು 90 ಪಟ್ಟು. ಎಫ್/1.7ರಲ್ಲಿ 1/60 ಬರುವಷ್ಟು ಬೆಳಕಿದ್ದರೆ ಎಫ್/16ರಲ್ಲಿ ಶಟರ್ ಒಂದೂವರೆ ಸೆಕೆಂಡ್ ತೆರೆದಿರಬೇಕು. ಎಲೆಗಳು ತೆರೆದು ನಿಂತು ಮುಚ್ಚುವುದು ಕಣ್ಣಿಗೇ ಕಾಣುತ್ತದೆ. ಫೋನಿನ ಲೈಟ್‌ಮೀಟರ್ ಆ್ಯಪ್‌ಗೂ ಎಎಸ್‌ಎ 25 ಕೊಟ್ಟು ಅದೇ ಗೋಡೆ ಅಳೆದು ಹೋಲಿಸಿ. ಅರ್ಧ ಸ್ಟಾಪ್ ಆಚೀಚೆ ಇದ್ದರೆ ಧಾರಾಳವಾಗಿ ಬಳಸಿ.

ಇನ್ನೊಂದು ಬಹಳ ಮುಖ್ಯ. ಲಿವರ್ ಎಳೆಯುವಾಗ ಕೊನೆಯಲ್ಲಿ 'ಟಕ್' ಎಂದು ಗಟ್ಟಿ ಸದ್ದು ಕೇಳಿಸಬೇಕು. ಒಳಗೆ ಒಂದು ಪುಟ್ಟ ರಬ್ಬರ್ ತುಂಡಿದೆ. ವಯಸ್ಸಾದಂತೆ ಅದು ಪುಡಿಯಾಗುತ್ತದೆ, ಆಗ ಶಟರಿನ ಸಂಪರ್ಕಗಳು ಪ್ರತಿ ಫ್ರೇಮಿಗೂ ಸರಿಯಾಗಿ ತಮ್ಮ ಜಾಗಕ್ಕೆ ಮರಳುವುದಿಲ್ಲ. ಆ ಸದ್ದು ಇಲ್ಲದಿದ್ದರೆ, ಕೆಂಪು, ಹಳದಿ ಎಚ್ಚರಿಕೆ ದೀಪಗಳು ಬೇಕಾಬಿಟ್ಟಿ ಹೊತ್ತುತ್ತಿದ್ದರೆ, ಮೊದಲು ಅನುಮಾನಿಸಬೇಕಾದ್ದು ಈ ತುಂಡನ್ನೇ. ಅಳತೆಗೆ ಕತ್ತರಿಸಿದ ಗಟ್ಟಿ ರಬ್ಬರ್ ಸಾಕು, ಆದರೆ ಅಲ್ಲಿಗೆ ತಲುಪಲು ಕ್ಯಾಮೆರಾ ಬಿಚ್ಚಬೇಕು. ಹಿಂದೆ ಯಾವ ಕ್ಯಾಮೆರಾವನ್ನೂ ಬಿಚ್ಚದವರು ಇದರಿಂದ ಶುರುಮಾಡುವುದು ಬೇಡ, ರಿಪೇರಿ ಬಲ್ಲವರಿಗೆ ಕೊಡಿ.

ಎಲೆಶಟರ್

ಸ್ಪಂಜಿನ ವಿಷಯಕ್ಕೆ ಬರುತ್ತೇನೆ. ಒದ್ದೆ ಮಾಡದೆ ಹಾಗೇ ಕೆರೆಯಬೇಡಿ. ಪುಡಿ ಶಟರ್ ಎಲೆಗಳ ನಡುವೆ ಬಿದ್ದರೆ ಹೊಸ ತೊಂದರೆ. ಫಿಲ್ಮ್ ಕಿಂಡಿಯನ್ನು ಕಾಗದದಿಂದ ಮುಚ್ಚಿ, ಹಲ್ಲುಕಡ್ಡಿಯ ತುದಿಯನ್ನು ಐಸೊಪ್ರೊಪೈಲ್‌ನಲ್ಲಿ ಅದ್ದಿ, ಒದ್ದೆಯಾದ ಸ್ಪಂಜನ್ನು ಉರುಳಿಸಿ ಉರುಳಿಸಿ ತೆಗೆಯಿರಿ. ಬಾಗಿಲಿನ ಕೀಲಿನ ಕಡೆಗೆ 1.5ರಿಂದ 2 ಮಿ.ಮೀ. ದಪ್ಪದ ಕಪ್ಪು ಸ್ಪಂಜು, ಮೇಲೆ-ಕೆಳಗಿನ ಕಿರಿದಾದ ತೋಡುಗಳಿಗೆ ಕಪ್ಪು ಉಣ್ಣೆ ದಾರ. ತೋಡುಗಳಿಗೆ ಸ್ಪಂಜಿಗಿಂತ ದಾರವೇ ಮೇಲು. ಅದು ಕರಗುವುದಿಲ್ಲ, ಅಂಟೂ ಅಷ್ಟಾಗಿ ಬೇಡ. ದಪ್ಪ ಜಾಸ್ತಿಯಾದರೆ ಬಾಗಿಲು ಸರಿಯಾಗಿ ಕಚ್ಚಿಕೊಳ್ಳದೆ ರೋಲ್ ನಡುವೆ ಬಿಚ್ಚಿಕೊಳ್ಳಬಹುದು.

ಬೆಳಕು ಸೋರಿದೆಯೋ, ಲೆನ್ಸಿಗೆ ಸೂರ್ಯ ಬಡಿದಿದೆಯೋ ಎಂದು ನೆಗೆಟಿವ್ ನೋಡಿಯೇ ಹೇಳಬಹುದು. ಸೋರಿಕೆಯ ಪಟ್ಟೆ ಚೌಕಟ್ಟು ದಾಟಿ ತೂತುಗಳ ಅಂಚಿನವರೆಗೂ, ಎರಡು ಫ್ರೇಮುಗಳ ನಡುವಿನ ಖಾಲಿ ಜಾಗಕ್ಕೂ ಹರಡಿರುತ್ತದೆ. ಲೆನ್ಸಿನ ಮೂಲಕ ಬಂದ ಬೆಳಕು ಫ್ರೇಮಿನೊಳಗೇ ಉಳಿಯುತ್ತದೆ.

ಹಳದಿ ಚೌಕ ಮಸುಕಾಗಲು ಸಾಮಾನ್ಯ ಕಾರಣ ಒಳಗಿನ ಕನ್ನಡಿಗಳ ಮೇಲಿನ ಧೂಳು, ಮಂಜು. ಮೇಲಿನ ಮುಚ್ಚಳ ತೆಗೆಸಿದರೆ ಗಾಜುಗಳನ್ನು ಒರೆಸಬಹುದು, ಆದರೆ ಅರೆಪಾರದರ್ಶಕ ಕನ್ನಡಿಗೆ ಹತ್ತಿಕಡ್ಡಿ ತಾಗಿಸಲೇಬಾರದು. ಅದರ ಲೇಪ ಬಹಳ ನಾಜೂಕು, ಒಮ್ಮೆ ಉಜ್ಜಿದರೂ ಎದ್ದುಬರುತ್ತದೆ, ಲೇಪ ಹೋದರೆ ಚೌಕವೇ ಮಾಯ. ಬ್ಲೋಯರ್‌ನಿಂದ ಗಾಳಿ ಊದಿ, ಅಷ್ಟೇ. ಬಿಚ್ಚದೆಯೇ ಮಾಡಬಹುದಾದ ಒಂದು ಉಪಾಯವೂ ಇದೆ: ವ್ಯೂಫೈಂಡರಿನ ಮುಂದಿನ ಗಾಜಿನ ನಡುವೆ, ಚೌಕ ಕಾಣುವ ಜಾಗಕ್ಕೆ ಸರಿಯಾಗಿ, ಕಪ್ಪು ಟೇಪಿನ ಪುಟ್ಟ ಚೂರು ಅಂಟಿಸಿ. ನೇರ ದೃಶ್ಯ ಅಲ್ಲಿ ಮಂಕಾಗಿ ರೇಂಜ್‌ಫೈಂಡರಿನ (ಎರಡು ಬಿಂಬ ಕೂಡಿಸಿ ಫೋಕಸ್ ಹೊಂದಿಸುವ ವ್ಯವಸ್ಥೆ) ಎರಡನೇ ಬಿಂಬ ಎದ್ದು ಕಾಣುತ್ತದೆ.

ಫೋಕಸ್ ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಎಫ್/1.7ರಲ್ಲಿ ಒಂದು ಮೀಟರ್ ದೂರಕ್ಕೆ ಸ್ಫುಟವಾಗಿ ಸಿಗುವ ಆಳ ಸುಮಾರು 5 ಸೆಂ.ಮೀ. ಮಾತ್ರ, ರೇಂಜ್‌ಫೈಂಡರ್ ಸ್ವಲ್ಪ ತಪ್ಪಿದರೂ ಕಣ್ಣಿನ ಬದಲು ಕಿವಿ ಫೋಕಸ್ ಆಗುತ್ತದೆ. ಕನಿಷ್ಠ ಒಂದು ಕಿಲೋಮೀಟರ್ ದೂರದ ಗೋಪುರವನ್ನೋ ಕಂಬವನ್ನೋ ನೋಡಿ. ರಿಂಗ್ ಅನಂತಕ್ಕೆ ತಾಗಿದಾಗ ಎರಡು ಬಿಂಬ ಒಂದಾಗಬೇಕು. ಮೇಲೆ-ಕೆಳಗೆ ಸರಿದಿದ್ದರೆ ಕಣ್ಣಿಗೆ ಕಿರಿಕಿರಿಯೇ ಹೊರತು ಫೋಕಸ್ ಕೆಡುವುದಿಲ್ಲ. ಎಡ-ಬಲಕ್ಕೆ ಸರಿದಿದ್ದರೆ ಕೆಡುತ್ತದೆ. ಆಮೇಲೆ ಹಿಂಬಾಗಿಲು ತೆರೆದು ಫಿಲ್ಮ್ ಹಳಿಗಳ ಮೇಲೆ ಮಸುಕು ಟೇಪನ್ನು ಬಿಗಿಯಾಗಿ ಎಳೆದು ಅಂಟಿಸಿ, 'ಬಿ'ಯಲ್ಲಿ (ಒತ್ತಿದಷ್ಟು ಹೊತ್ತೂ ಶಟರ್ ತೆರೆದಿರುವ ಸ್ಥಾನ) ಕೇಬಲ್ ರಿಲೀಸ್ ಹಾಕಿ ಶಟರ್ ತೆರೆದಿಟ್ಟು, ಎಫ್/1.7ರಲ್ಲಿ ಭೂತಗನ್ನಡಿಯಿಂದ ಟೇಪಿನ ಮೇಲಿನ ಬಿಂಬ ನೋಡಿ. ಒಂದು ಮೀಟರ್ ದೂರದ ಪುಸ್ತಕದ ಅಕ್ಷರಕ್ಕೂ ಹೀಗೇ ಮಾಡಿ. ಟೇಪಿನ ಮೇಲೆ ಸ್ಫುಟವಾದಾಗ ವ್ಯೂಫೈಂಡರಿನಲ್ಲೂ ಬಿಂಬಗಳು ಕೂಡಿದ್ದರೆ ರೇಂಜ್‌ಫೈಂಡರ್ ಸರಿಯಿದೆ.

ಕಪ್ಪುಬಿಳುಪು400

ಇಬ್ಬರಿಗೂ ಧನ್ಯವಾದ. 'ಟಕ್' ಸದ್ದು ಇದೆ, ಗೋಡೆ ಪರೀಕ್ಷೆಯೂ ಫೋನಿನ ಲೆಕ್ಕಕ್ಕೆ ಹೊಂದಿತು, ಫೋಕಸ್ ಎರಡೂ ದೂರಕ್ಕೆ ಸರಿಯಿದೆ. ಆದರೆ 400ರ ಫಿಲ್ಮಿಗೆಂದು ಎಎಸ್‌ಎ ಇಟ್ಟು ಬಿಸಿಲಲ್ಲಿ ನೋಡಿದರೆ ಎಫ್/16 ಬಿಟ್ಟು ಎಲ್ಲದಕ್ಕೂ ಕೆಂಪು ದೀಪ. ಹಿನ್ನೆಲೆ ಮಸುಕಾದ ಭಾವಚಿತ್ರ ತೆಗೆಯುವುದು ಹೇಗೆ? ಜೊತೆಗೆ, ಇದೇ ಬಗೆಯ ಇನ್ನೊಂದು ಕ್ಯಾಮೆರಾ, ಕ್ಯಾನನ್‌ನ ಕ್ಯಾನೊನೆಟ್ ಕ್ಯೂಎಲ್17 ಜಿ-III ಇದಕ್ಕಿಂತ ಹೇಗೆ ಬೇರೆ?

ಕತ್ತಲೆಕೋಣೆ

ಕೆಂಪು ದೀಪ ಎಂದರೆ 1/500ಕ್ಕಿಂತ ವೇಗ ಬೇಕು, ಅದು ಶಟರಿಗೆ ಸಾಧ್ಯವಿಲ್ಲ. ಹಳದಿ ಎಂದರೆ 1/30ಕ್ಕಿಂತ ನಿಧಾನ, ಕೈ ಅಲುಗೀತು ಎಂಬ ಎಚ್ಚರಿಕೆ ಮಾತ್ರ, ಚಿತ್ರ ತೆಗೆಯಲು ಅಡ್ಡಿಯಿಲ್ಲ. ಕನ್ನಡಿ ಎಗರುವ ಅದುರು ಇಲ್ಲದ ಕ್ಯಾಮೆರಾ ಇದು, ಕಂಬಕ್ಕೆ ಒರಗಿ ನಿಂತರೆ 1/15 ಕೂಡ ಸ್ಫುಟವಾಗಿ ಬರುತ್ತದೆ.

ಬಿಸಿಲಲ್ಲಿ 400ಕ್ಕೆ ಎಫ್/16, 100ರ ಫಿಲ್ಮಿಗೆ ಎಫ್/8, ಎರಡೂ ಸುಮಾರು 1/500ರಲ್ಲಿ. ಅದಕ್ಕೇ ಭಾವಚಿತ್ರಕ್ಕೆ 100ರ ಫಿಲ್ಮ್ ಹಾಕಿ, ವ್ಯಕ್ತಿಯನ್ನು ನೆರಳಿಗೆ ಕರೆಯಿರಿ. ಆಕಾಶ ತೆರೆದಿರುವ ನೆರಳಲ್ಲಿ ಬಿಸಿಲಿಗಿಂತ ಸುಮಾರು ಮೂರು ಸ್ಟಾಪ್ ಕಡಿಮೆ, ಎಫ್/2.8 ಸಲೀಸು. ಎಫ್/1.7 ಬೇಕೆಂದರೆ 55 ಮಿ.ಮೀ.ಯ ಎನ್‌ಡಿ4 (ಬೆಳಕು ತಗ್ಗಿಸುವ ಬೂದು) ಫಿಲ್ಟರ್ ಹಾಕಿ. ಇಲ್ಲೊಂದು ಸೂಕ್ಷ್ಮ ಇದೆ: ಬೆಳಕು ಅಳೆಯುವ ಕಣ್ಣು ಲೆನ್ಸಿನಲ್ಲಿಲ್ಲ, ಕ್ಯಾಮೆರಾದ ಮುಖದ ಮೇಲಿದೆ. ಫಿಲ್ಟರ್ ಹಾಕಿದ್ದು ಅದಕ್ಕೆ ತಿಳಿಯುವುದಿಲ್ಲ. ಎನ್‌ಡಿ4 ಎರಡು ಸ್ಟಾಪ್ ತಿನ್ನುವುದರಿಂದ ಎಎಸ್‌ಎ 100ರ ಬದಲು 25ಕ್ಕಿಡಿ. ಡಯಲಿನ ಕನಿಷ್ಠವೂ ಅದೇ, ಹಾಗಾಗಿ ಇದಕ್ಕಿಂತ ಗಾಢ ಫಿಲ್ಟರ್ ಹಾಕಿದರೆ ಆಟೋ ಎಕ್ಸ್‌ಪೋಷರ್ ಹೊಂದುವುದಿಲ್ಲ. ಕಪ್ಪುಬಿಳುಪಿಗೆ ಹಳದಿ ಫಿಲ್ಟರ್ ಹಾಕಿದರೆ ಒಂದು ಸ್ಟಾಪ್, 400 ಇದ್ದದ್ದು 200.

ಇದೇ ಕಾರಣಕ್ಕೆ ಲೆನ್ಸ್ ಮುಚ್ಚಳ ಹಾಕಿಕೊಂಡೇ ಕ್ಲಿಕ್ಕಿಸಿದರೂ ದೀಪ, ಸದ್ದು, ವ್ಯೂಫೈಂಡರ್ ಎಲ್ಲವೂ ಸರಿಯಾಗೇ ಇರುತ್ತವೆ, ಫ್ರೇಮ್ ಮಾತ್ರ ಖಾಲಿ. ಮುಚ್ಚಳ ಬಿಟ್ಟು ಒಂದು ಯುವಿ ಫಿಲ್ಟರ್ ಹಾಕಿಡಿ.

ಎದುರು ಬೆಳಕಿದ್ದಾಗ ಮುಖ ಕಪ್ಪಾಗುತ್ತದೆ. ಅರ್ಧ ಒತ್ತಿ ಬೆಳಕಿನ ಲೆಕ್ಕ ಹಿಡಿದಿಡುವ ಸೌಲಭ್ಯ ಇದರಲ್ಲಿಲ್ಲ, ಎಎಸ್‌ಎ ಡಯಲನ್ನೇ 400ರಿಂದ 100ಕ್ಕೆ ಇಳಿಸಿ, ಎರಡು ಸ್ಟಾಪ್ ಹೆಚ್ಚು ಸಿಗುತ್ತದೆ. ತೆಗೆದ ತಕ್ಷಣ ವಾಪಸ್ ತಿರುಗಿಸಿ.

ಬೀದಿಯಲ್ಲಿ ಚೌಕ ನೋಡುತ್ತ ಕೂರುವುದಕ್ಕಿಂತ ಎಫ್/11ಕ್ಕಿಟ್ಟು ದೂರವನ್ನು 6 ಮೀಟರಿಗೆ ನಿಲ್ಲಿಸಿ. 3 ಮೀಟರಿನಿಂದ ಅನಂತದವರೆಗೆ ಎಲ್ಲವೂ ಸ್ಫುಟ. ಈ ಕ್ಯಾಮೆರಾ ಅತಿ ಚೆನ್ನಾಗಿ ಕೆಲಸ ಮಾಡುವುದು ಹೀಗೇ ಎಂದು ನನ್ನ ಅಭಿಪ್ರಾಯ: ಕಣ್ಣಿಗೆ ಎತ್ತುವುದು, ಒತ್ತುವುದು, ಪಕ್ಕದವರಿಗೂ ಕೇಳಿಸದಷ್ಟು ಸಣ್ಣ ಸದ್ದು. ಚೀಲಕ್ಕೆ ಹಾಕುವಾಗ ಬಟನ್ ಲಾಕ್ ಮಾಡಿ, ಇಲ್ಲದಿದ್ದರೆ ಅದು ಅರ್ಧ ಒತ್ತಿಕೊಂಡು ದೀಪ ಉರಿದು ಬ್ಯಾಟರಿ ಖಾಲಿಯಾಗುತ್ತದೆ.

ಅರ್ಧಸ್ಟಾಪ್

ಕ್ಯಾನೊನೆಟ್ ಬಗ್ಗೆ. ಲೆನ್ಸ್ 40 ಮಿ.ಮೀ. ಎಫ್/1.7. ಎಲೆಕ್ಟ್ರೋದಲ್ಲಿ ನೀವು ಅಪರ್ಚರ್ ಆರಿಸಿದರೆ ವೇಗ ಅದರದ್ದು. ಇದರಲ್ಲಿ ತಿರುವುಮುರುವು, ನೀವು ವೇಗ ಆರಿಸುತ್ತೀರಿ. ಶಟರ್ ಪೂರ್ತಿ ಯಾಂತ್ರಿಕ, ಬ್ಯಾಟರಿ ಇಲ್ಲದೆಯೂ 1/4ರಿಂದ 1/500ರವರೆಗೆ ಎಲ್ಲ ವೇಗ ಸಿಗುತ್ತದೆ. ಆದರೆ ಮ್ಯಾನ್ಯುಯಲ್‌ನಲ್ಲಿ ಮೀಟರ್ ಏನನ್ನೂ ತೋರಿಸುವುದಿಲ್ಲ, ಬೆಳಕಿನ ಅಂದಾಜು ನಿಮ್ಮದೇ. ಮೀಟರ್ ಕಣ್ಣು ಲೆನ್ಸಿನ ರಿಂಗಿನೊಳಗಿದೆ, ಫಿಲ್ಟರಿಗೆ ಲೆಕ್ಕ ಬದಲಿಸಬೇಕಿಲ್ಲ.

ಬ್ಯಾಟರಿಯಲ್ಲಿ ಮಾತ್ರ ಇದು ಸೂಕ್ಷ್ಮ. ಮೂಲ 1.35 ವೋಲ್ಟ್. 1.5 ವೋಲ್ಟಿನ ಆಲ್ಕಲೈನ್ ಹಾಕಿದರೆ ಮುಳ್ಳು ಹೆಚ್ಚು ಬೆಳಕಿದೆ ಎಂದು ತೋರಿಸಿ ಚಿತ್ರ ಕಪ್ಪಾಗುತ್ತದೆ, ಬ್ಯಾಟರಿ ಇಳಿದಂತೆ ತಪ್ಪೂ ಬದಲಾಗುತ್ತ ಹೋಗುತ್ತದೆ. ಶ್ರವಣಯಂತ್ರದ 675 ಜಿಂಕ್-ಏರ್ ಸೆಲ್ 1.4 ವೋಲ್ಟ್, ಸುತ್ತ ರಬ್ಬರ್ ರಿಂಗ್ ಹಾಕಿ ಕೂರಿಸಿದರೆ ಸರಿಹೋಗುತ್ತದೆ. ಸ್ಟಿಕ್ಕರ್ ಕಿತ್ತ ಮೇಲೆ ಕೆಲವು ತಿಂಗಳಷ್ಟೇ ಬಾಳಿಕೆ.

ಕೊಳ್ಳುವಾಗ 1/4ರಲ್ಲಿ ಶಟರ್ ಒತ್ತಿ ನೋಡಿ. ಎಲೆಗಳು ತೆರೆದೇ ನಿಂತರೆ, ಇಲ್ಲವೇ ತೆರೆಯದಿದ್ದರೆ, ಎಣ್ಣೆ ಜಿಡ್ಡು ಹಿಡಿದಿದೆ ಎಂದರ್ಥ. ಹಿಂದಿನಿಂದ ಒಂದು ಹನಿ ಲೈಟರ್ ದ್ರವ ಬಿಟ್ಟರೆ ಎಲೆಗಳು ತಕ್ಷಣ ಓಡುತ್ತವೆ, ಆದರೆ ದ್ರವ ಆರಿದ ಮೇಲೆ ಜಿಡ್ಡು ಅಲ್ಲೇ ಉಳಿದು ಮತ್ತೆ ಅಂಟುತ್ತದೆ. ಮುಂದಿನ ಗಾಜಿನ ಗುಂಪು ತೆಗೆದು, ದ್ರವ ಹಚ್ಚುವುದು, ಶಟರ್ ಓಡಿಸುವುದು, ಒರೆಸುವುದು, ಇದನ್ನು ಒರೆಸಿದ ಹತ್ತಿಯಲ್ಲಿ ಕಲೆ ಕಾಣದಷ್ಟು ಸಲ ಮಾಡಬೇಕು. ಎಲೆಗಳ ಮೇಲೆ ಆಮೇಲೆ ಯಾವ ಎಣ್ಣೆಯನ್ನೂ ಹಾಕಬಾರದು, ಅವು ಒಣಗಿದ್ದೇ ಓಡಬೇಕು.