ಕನ್ಸಲ್ಟೆಂಟ್ ತೋರಿಸಿದ ಗ್ರಾಫ್ ನಂಬಬಹುದಾ?

ಕೇಳಿದ್ದು, ವಿರಾಜಪೇಟೆಯಿಂದ:
ಮಗಳು ಪೊನ್ನಂಪೇಟೆಯಲ್ಲಿ ಫಾರೆಸ್ಟ್ರಿ ಬಿಎಸ್ಸಿ, ಕೊನೇ ವರ್ಷ. ಹೊರದೇಶದಲ್ಲಿ ಎಂಎಸ್ಸಿ ಮಾಡುತ್ತೇನೆ ಅನ್ನುತ್ತಾಳೆ. ಒಬ್ಬ ಕನ್ಸಲ್ಟೆಂಟ್ ಎರಡು ಗ್ರಾಫ್ ತೋರಿಸಿದರು. ಅಮೆರಿಕದಲ್ಲಿ ನಮ್ಮ ಮಕ್ಕಳ ಸಂಖ್ಯೆ ಏರುತ್ತಲೇ ಇದೆ, ಜರ್ಮನಿ ಮೇಲಿನ ಆಸಕ್ತಿ 100 ಮುಟ್ಟಿದೆ, ಬೇಗ ದುಡ್ಡು ಕಟ್ಟಿ ಅಂದರು. ಕಳಿಸಿದವರು ಇದ್ದರೆ ಹೇಳಿ.

ಮಡಿಕೇರಿಯಿಂದ:
ಮಗ 2023ರಲ್ಲಿ ಅಮೆರಿಕಕ್ಕೆ ಹೋದ. ನನಗೂ ಇದೇ ಗ್ರಾಫ್ ತೋರಿಸಿದ್ದರು. ಸುಳ್ಳಲ್ಲ, ಆದರೆ ಅರ್ಧ ಮಾತು. ಅಮೆರಿಕದಲ್ಲಿರುವ ಹೊರದೇಶದ ವಿದ್ಯಾರ್ಥಿಗಳನ್ನು ವರ್ಷವರ್ಷ ಎಣಿಸುವ ಓಪನ್ ಡೋರ್ಸ್ ವರದಿಯಲ್ಲಿ 2023-24ಕ್ಕೆ ಭಾರತದವರು 3,31,602, ಮರುವರ್ಷ 3,63,019. ಏರಿದೆ ಅಲ್ವಾ? ಆದರೆ ಓದು ಮುಗಿಸಿ ಒಪಿಟಿಯಲ್ಲಿ, ಅಂದರೆ ವಿದ್ಯಾರ್ಥಿ ವೀಸಾದಲ್ಲೇ ಸ್ವಲ್ಪ ಕಾಲ ಸಿಗುವ ಅನುಮತಿಯಲ್ಲಿ, ಕೆಲಸ ಮಾಡುವವರನ್ನೂ ಅದರಲ್ಲೇ ಎಣಿಸುತ್ತಾರೆ. ಅವರು 97,556ರಿಂದ 1,43,740 ಆದರು, ಮಾಸ್ಟರ್ಸ್, ಪಿಎಚ್‌ಡಿ ಓದುತ್ತಿರುವವರು ಮಾತ್ರ 1,96,567ರಿಂದ 1,77,892ಕ್ಕೆ ಇಳಿದರು. ಗೋಡೌನಿನಲ್ಲಿ ಚೀಲ ಜಾಸ್ತಿ ಇದೆ ಅಂತ ಈ ಸಲ ಫಸಲು ಚೆನ್ನಾಗಿದೆ ಅನ್ನೋಕಾಗುತ್ತಾ? ಹೋದ ವರ್ಷದ್ದು ಮಾರದೇ ಉಳಿದಿರಬಹುದು. ನನ್ನ ಮಗನೂ ಈಗ ಆ ಒಪಿಟಿ ಲೆಕ್ಕದಲ್ಲೇ ಇದ್ದಾನೆ. ಇನ್ನೊಂದು, ಅಲ್ಲಿ ನಮ್ಮವರಲ್ಲಿ ಕಂಪ್ಯೂಟರ್, ಇಂಜಿನಿಯರಿಂಗ್ ಓದುವವರೇ ಜಾಸ್ತಿ. ಫಾರೆಸ್ಟ್ರಿ ಹುಡುಗಿಗೆ ಆ ಗೆರೆ ಏರಿದರೇನು, ಇಳಿದರೇನು.

ಕುಶಾಲನಗರದಿಂದ:
ಆ 100 ಗೂಗಲ್ ಟ್ರೆಂಡ್ಸ್‌ದು ಇರಬೇಕು, ಜನ ಗೂಗಲ್‌ನಲ್ಲಿ ಏನನ್ನು ಎಷ್ಟು ಹುಡುಕುತ್ತಾರೆ ಅಂತ ತೋರಿಸುತ್ತಲ್ಲ, ಅದು. ಕೇಳಿ ನೋಡಿ. ಅದು ತಲೆ ಲೆಕ್ಕ ಅಲ್ಲ. ಆರಿಸಿಕೊಂಡ ಅವಧಿಯಲ್ಲಿ ಹುಡುಕಾಟ ಅತಿ ಜಾಸ್ತಿ ಇದ್ದ ಹೊತ್ತಿಗೆ 100 ಅಂತ ಇಟ್ಟು, ಉಳಿದದ್ದನ್ನು ಅದಕ್ಕೆ ಹೋಲಿಸುತ್ತಾರೆ, ಅಷ್ಟೇ. ಮತ್ತೆ ಹುಡುಕಿದವರೆಲ್ಲ ಹೋಗುವವರೂ ಅಲ್ಲ. 2024ರ ಜನವರಿಯಲ್ಲಿ ಕೆನಡಾ ವಿದ್ಯಾರ್ಥಿಗಳ ಪರ್ಮಿಟ್‌ಗೆ ಮಿತಿ ಹಾಕಿತು, ಖರ್ಚಿಗೆ ತೋರಿಸಬೇಕಾದ ದುಡ್ಡನ್ನು 10,000 ಕೆನಡಾ ಡಾಲರ್‌ನಿಂದ 20,635ಕ್ಕೆ ಏರಿಸಿತು. ನಮ್ಮ ಮನೆಯಲ್ಲಿ ಕೆನಡಾ ಬಗ್ಗೆ ಹಗಲೂ ರಾತ್ರಿ ಹುಡುಕಿದ್ದು ಆಗಲೇ, ಕೆನಡಾ ಬೇಡ ಅಂತ ತೀರ್ಮಾನ ಮಾಡಿದ ವಾರ!

ಗೋಣಿಕೊಪ್ಪದಿಂದ:
ನನ್ನ ತಂಗಿ ಮಗಳು ಜರ್ಮನಿಯಲ್ಲಿದ್ದಾಳೆ. ಗ್ರಾಫ್ ಬಿಡಿ, ಕೋರ್ಸ್ ನೋಡಿ. ಡ್ರೆಸ್ಡೆನ್ ವಿಶ್ವವಿದ್ಯಾಲಯದ ಫಾರೆಸ್ಟ್ರಿ ವಿಭಾಗ ಥಾರಾಂಟ್ ಅನ್ನೋ ಸಣ್ಣ ಊರಿನಲ್ಲಿದೆ, ಉಷ್ಣವಲಯದ ಕಾಡಿನ ಬಗ್ಗೆ ಇಂಗ್ಲಿಷ್‌ನಲ್ಲೇ ಮಾಸ್ಟರ್ಸ್ ಇದೆ. ಗಾಟಿಂಗನ್‌ನಲ್ಲೂ ಇದೆ. ನಮ್ಮ ಮಾರ್ಕ್ಸ್‌ಕಾರ್ಡ್, ಡಿಗ್ರಿ ಅಸಲಿ ಅಂತ ಜರ್ಮನಿಯವರು ಪರೀಕ್ಷಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್‌ಗೆ ಈಗಲೇ ಹಾಕಿ. ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷದ ಖರ್ಚು ಇಡಬೇಕು, 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ.

ನಮಗೆ ಕಷ್ಟ ಆಗಿದ್ದು ಇಲ್ಲೇ, ಜರ್ಮನಿಯಲ್ಲಲ್ಲ. ಸಾಲಕ್ಕೆ ತೋಟದ ಆರ್‌ಟಿಸಿ ಹಿಡಿದುಕೊಂಡು ಹೋದರೆ ಬ್ಯಾಂಕಿನವರು ಪಟ್ಟೇದಾರರ, ಅಂದರೆ ಜಾಗ ಯಾರ ಹೆಸರಿನಲ್ಲಿದೆಯೋ ಅವರ ಹೆಸರಿನ ಮೇಲೆ ಬೆರಳಿಟ್ಟು, ಇವರು ಯಾರು ಅಂದರು. ನಮ್ಮ ಅಜ್ಜನ ಅಣ್ಣ, ತೀರಿಕೊಂಡು ಎಷ್ಟೋ ವರ್ಷ ಆಯಿತು! ಜಮ್ಮಾ ಜಾಗ, ಕೊಡಗಿನಲ್ಲಿ ಮನೆತನಕ್ಕೆ ತಲೆತಲಾಂತರದಿಂದ ಬಂದದ್ದು, ಒಕ್ಕದವರೆಲ್ಲ, ಅಂದರೆ ಮನೆತನದವರೆಲ್ಲ ಒಪ್ಪಬೇಕು. ಒಬ್ಬರು ಬೆಂಗಳೂರು, ಒಬ್ಬರು ದುಬೈ. ಮೂರು ತಿಂಗಳು ಅಲೆದೆವು. ನಿಮ್ಮದೂ ಜಮ್ಮಾನೇ ಆದರೆ, ಹುತ್ತರಿ ಹಬ್ಬಕ್ಕೆ ಎಲ್ಲರೂ ಐನ್‌ಮನೆಗೆ, ಹಿರಿಯರ ಮೂಲ ಮನೆಗೆ ಬರುತ್ತಾರಲ್ಲ, ಕದಿರು ತೆಗೆದು ಊಟ ಆದ ಮೇಲೆ ಯಾರೂ ಹೊರಡುವ ಮುಂಚೆ ಸಹಿ ಹಾಕಿಸಿಕೊಂಡುಬಿಡಿ.