ಹಳೆ ಡೀಸೆಲ್ ಪಿಕಪ್: ಟೆಂಪರೇಚರ್ ಮುಳ್ಳು ಒಂದು ಕಡೆ ನಿಲ್ಲುತ್ತಿಲ್ಲ

ಘಾಟಿ_ಲೋಡ್:
2007ರ ಡೀಸೆಲ್ ಪಿಕಪ್. ಬೆಲ್ಟ್ ಮೇಲೆ ತಿರುಗುವ ಫ್ಯಾನ್, ಬಿಸಿ ಹೆಚ್ಚಿದಂತೆ ಫ್ಯಾನನ್ನು ಜೋರಾಗಿ ತಿರುಗಿಸುವ ವಿಸ್ಕಸ್ ಕ್ಲಚ್ ಇದೆ. ಖಾಲಿ ಓಡಿಸುವಾಗ ಮುಳ್ಳು ಅರ್ಧಕ್ಕಿಂತ ಕೆಳಗೇ ಇರುತ್ತದೆ. ಒಂದು ಟನ್ ಅಡಿಕೆ ಹೇರಿಕೊಂಡು ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಮುಕ್ಕಾಲಿಗೆ ಏರುತ್ತದೆ, ಸ್ವಲ್ಪ ಹೊತ್ತಿಗೆ ತಾನಾಗಿ ಇಳಿಯುತ್ತದೆ, ಮತ್ತೆ ಏರುತ್ತದೆ. ರಾತ್ರಿ ಹೆಡ್‌ಲೈಟ್ ಹಾಕಿದ ಕೂಡಲೇ ಒಂದು ಗೆರೆಯಷ್ಟು ಮೇಲೆ ಹೋಗುವುದೂ ಉಂಟು. ಹಾಕುವುದು ಬೋರ್‌ವೆಲ್ ನೀರು. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ತೆಗೆದುಬಿಟ್ಟರೆ ಸರಿಹೋಗುತ್ತದೆ ಎಂದು ಗ್ಯಾರೇಜಿನಲ್ಲಿ ಹೇಳುತ್ತಿದ್ದಾರೆ. ತೆಗೆಸಬಹುದೇ?

ಡೀಸೆಲ್_ಕೆಲಸ:
ದಯವಿಟ್ಟು ತೆಗೆಸಬೇಡಿ ಸರ್. ಎಷ್ಟೋ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದುಕೊಂಡಾಗ ಅದರ ಕೆಳಗಿನ ತಟ್ಟೆ ಹೋಗಿ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟೇ ಇಲ್ಲದಿದ್ದರೆ ಬೈಪಾಸ್ ಸದಾ ತೆರೆದಿರುತ್ತದೆ, ಬಿಸಿ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಎಂಜಿನ್ನಿಗೇ ವಾಪಸ್ ಬರುತ್ತದೆ. ಆಗ ಬಯಲಿನಲ್ಲಿ ಎಂಜಿನ್ ಬೇಕಾದಷ್ಟು ಬಿಸಿಯಾಗುವುದಿಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಘಾಟಿಯಲ್ಲಿ ಮಾತ್ರ ಈಗಿನದಕ್ಕಿಂತ ಹೆಚ್ಚು ಕಾಯುತ್ತದೆ.

ಅನುಮಾನವಿದ್ದರೆ ಪರೀಕ್ಷೆ ಮಾಡಿ. ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ತಳಕ್ಕೆ ತಾಗದಂತೆ ದಾರದಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿ. ಮೇಲೆ 82 ಎಂದು ಕೊರೆದಿದ್ದರೆ 82 ಡಿಗ್ರಿ ಆಸುಪಾಸಿನಲ್ಲಿ ಬಾಯಿ ಬಿಡಬೇಕು, 95ರ ಹೊತ್ತಿಗೆ ಪೂರ್ತಿ ತೆರೆದಿರಬೇಕು. ತಡವಾಗಿ ಒಮ್ಮೆಲೇ ತೆರೆದುಕೊಂಡರೆ ಅದು ಅಂಟಿಕೊಳ್ಳುತ್ತಿದೆ ಎಂದರ್ಥ, ಬದಲಿಸಿ. ಕೂರಿಸುವಾಗ ಅದರ ಅಂಚಿನಲ್ಲಿರುವ ಚಿಕ್ಕ ಅಲುಗುವ ಪಿನ್ ಮೇಲ್ಗಡೆ ಬರಲಿ, ಗಾಳಿ ಹೊರಗೆ ಹೋಗುವುದು ಅಲ್ಲಿಂದಲೇ.

ಯಾವ ಪಾರ್ಟ್ ಕೊಳ್ಳುವುದಕ್ಕೂ ಮೊದಲು ಮುಳ್ಳು ಯಾವಾಗ ಏರುತ್ತದೆ ಎಂಬುದನ್ನು ನೋಡಬೇಕು. ಟ್ರಾಫಿಕ್‌ನಲ್ಲಿ ನಿಂತಾಗ ಏರಿ, ಓಡಿದಾಗ ಇಳಿದರೆ ಗಾಳಿಯ ಸಮಸ್ಯೆ: ಫ್ಯಾನ್ ಕ್ಲಚ್, ಫ್ಯಾನಿನ ಸುತ್ತಲ ಕವರ್, ಮಣ್ಣು ಮೆತ್ತಿದ ರೇಡಿಯೇಟರ್. ಲೋಡ್‌ನಲ್ಲಿ ಏರಿ ಅಲ್ಲೇ ನಿಂತರೆ ನೀರಿನ ಹರಿವಿನ ಸಮಸ್ಯೆ: ಒಳಗೆ ಕಟ್ಟಿದ ರೇಡಿಯೇಟರ್, ಸವೆದ ವಾಟರ್ ಪಂಪ್, ಜೋರು ಎತ್ತಿದಾಗ ಚಪ್ಪಟೆಯಾಗುವ ಕೆಳಗಿನ ಹೋಸ್. ನಿಮ್ಮದರ ಹಾಗೆ ಏರಿ ಇಳಿದು ಮತ್ತೆ ಏರುವುದಕ್ಕೆ ಹೆಚ್ಚಾಗಿ ಕಾರಣ ನೀರು ಕಡಿಮೆಯಾಗಿ ಒಳಗೆ ಗಾಳಿ ಸೇರಿರುವುದು, ಇಲ್ಲವೇ ಅಂಟುವ ಥರ್ಮೋಸ್ಟಾಟ್. ನಾಳೆ ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ನೋಡಿ. ಬಿಸಿ ಇದ್ದಾಗ ಮುಟ್ಟಲೇಬೇಡಿ.

ವೈರಿಂಗ್_ನೋಡಿ:
ಹೆಡ್‌ಲೈಟ್ ಹಾಕಿದ ಕೂಡಲೇ ಏರುವುದು ಬೇರೆ ವಿಷಯ. ಅಷ್ಟು ಕಬ್ಬಿಣ, ಅಷ್ಟು ನೀರು ಒಂದು ಸೆಕೆಂಡಿನಲ್ಲಿ ಬಿಸಿಯಾಗಲು ಸಾಧ್ಯವಿಲ್ಲ, ಅದು ಕರೆಂಟಿನ ಕೆಲಸ. ಡೀಸೆಲ್ ಮುಳ್ಳೂ ಜೊತೆಗೇ ಅಲುಗುತ್ತದೆಯೇ ನೋಡಿ. ಅಲುಗಿದರೆ ಸಾಮಾನ್ಯವಾಗಿ ಡ್ಯಾಶ್‌ಬೋರ್ಡ್ ಮೀಟರಿನ ಅರ್ತ್ ಸಡಿಲ ಅಥವಾ ತುಕ್ಕು. ಲೈಟ್ ಹಾಕಿ, ಎಂಜಿನ್ ಚಾಲೂ ಇಟ್ಟು, ಮೀಟರಿನ ಅರ್ತ್ ತಂತಿಗೂ ಬ್ಯಾಟರಿ ಮೈನಸ್‌ಗೂ ನಡುವೆ ಮಲ್ಟಿಮೀಟರ್ ಹಿಡಿಯಿರಿ. 0.2 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಆ ಬೋಲ್ಟ್ ಬಿಚ್ಚಿ, ಬಣ್ಣ ಕೆರೆದು, ಬಿಗಿ ಮಾಡಿ.

ಮುಳ್ಳನ್ನು ನಂಬುವ ಮೊದಲು ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ಥರ್ಮೋಸ್ಟಾಟ್ ಹೌಸಿಂಗ್ ಅಳೆಯಿರಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಕಡಿಮೆ ತೋರಿಸುತ್ತದೆ, ಆದ್ದರಿಂದ ಒಂದು ತುಂಡು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಅದರ ಮೇಲೆ ಅಳೆಯಿರಿ.

ಘಾಟಿ_ಲೋಡ್:
ನೋಡಿದೆ. ಡೀಸೆಲ್ ಮುಳ್ಳೂ ಅಲುಗುತ್ತದೆ, ಅರ್ತ್‌ನಲ್ಲಿ 0.6 ವೋಲ್ಟ್ ಬಂತು. ಕ್ಯಾಪ್ ತೆಗೆದರೆ ರೇಡಿಯೇಟರ್ ಒಳಗಿನ ಕೊಳವೆಗಳ ತುದಿ ಕಾಣುವಷ್ಟು ನೀರು ಕೆಳಗಿದೆ, ಕೊಳವೆಗಳ ಬಾಯಲ್ಲಿ ಬಿಳಿ ಗಾರೆ. ಆದರೆ ಪಕ್ಕದ ಡಬ್ಬಿ ತುಂಬಿದೆ. ಕ್ಯಾಪಿನ ಕೆಳಗಿನ ರಬ್ಬರ್ ಗಟ್ಟಿಯಾಗಿ ಸೀಳಿದೆ.

ಡೀಸೆಲ್_ಕೆಲಸ:
ಡಬ್ಬಿ ತುಂಬಿ ರೇಡಿಯೇಟರ್ ಖಾಲಿ ಇದ್ದರೆ ಮೊದಲ ಅನುಮಾನ ಕ್ಯಾಪ್ ಮೇಲೆಯೇ. ಬಿಸಿಯಾದಾಗ ಹಿಗ್ಗಿದ ನೀರು ಡಬ್ಬಿಗೆ ಹೋಗುತ್ತದೆ, ತಣಿಯುವಾಗ ಕ್ಯಾಪಿನ ಮಧ್ಯದ ಚಿಕ್ಕ ವಾಲ್ವ್ ಮೂಲಕ ವಾಪಸ್ ಎಳೆದುಕೊಳ್ಳಬೇಕು. ಕ್ಯಾಪಿನ ಮೇಲಿನ ಅಂಚು ಬಿಗಿಯಾಗಿ ಕೂರದಿದ್ದರೆ ನೀರಿನ ಬದಲು ಗಾಳಿ ಒಳಗೆ ಬರುತ್ತದೆ. ಕೆಳಗಿನ ರಬ್ಬರ್ ಸೀಳಿದ್ದರೆ ಒತ್ತಡವೂ ನಿಲ್ಲುವುದಿಲ್ಲ. ಸಕಲೇಶಪುರದ ಎತ್ತರದಲ್ಲಿ ಬರೀ ನೀರು 97 ಡಿಗ್ರಿ ಸುಮಾರಿಗೇ ಕುದಿಯುತ್ತದೆ, ಸರಿಯಾದ 0.9 ಬಾರ್ ಕ್ಯಾಪ್ ಇದ್ದರೆ 115ರ ಮೇಲೆ ಹೋಗುತ್ತದೆ. ಹಳೆ ಕ್ಯಾಪಿನ ಮೇಲೆ ಬರೆದ ಒತ್ತಡದ್ದೇ ತನ್ನಿ, ಜಾಸ್ತಿಯದು ಬೇಡ, ಹಳೆ ಹೋಸ್ ತಡೆಯುವುದಿಲ್ಲ. ಡಬ್ಬಿಗೆ ಹೋಗುವ ಸಣ್ಣ ಪೈಪ್ ಬಿರುಕು ಬಿಟ್ಟಿದೆಯೇ ಎಂದೂ ನೋಡಿ, ಅದರಲ್ಲೂ ಗಾಳಿ ಎಳೆಯುತ್ತದೆ.

ಬಿಳಿ ಗಾರೆ ಬೋರ್ ನೀರಿನ ಸುಣ್ಣ. ರೇಡಿಯೇಟರ್ ಫ್ಲಶ್ ಹಾಕಿ, ಫ್ಲಶ್ ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಓಡಿಸಿ, ತಣಿದ ಮೇಲೆ ಬಸಿಯಿರಿ. ಆಮೇಲೆ ಡಿಸ್ಟಿಲ್ಡ್ ವಾಟರ್ ತುಂಬಿ ಓಡಿಸಿ ಬಸಿಯಿರಿ, ಬರುವ ನೀರು ತಿಳಿಯಾಗುವ ತನಕ. ಕೆಳಗಿನ ಹೋಸ್ ಬಿಚ್ಚಿದರೂ ಎಂಜಿನ್ ಬ್ಲಾಕ್ ಒಳಗೆ ಒಂದಷ್ಟು ನೀರು ಉಳಿಯುತ್ತದೆ, ಇದನ್ನು ಮರೆತರೆ ಬೋರ್ ನೀರಿನ ಬದಲು ಈಗ ಹಾಕುವ ಕೂಲೆಂಟ್ (ನೀರಿನ ಜೊತೆ ಬೆರೆಸುವ ದ್ರವ) ತೆಳ್ಳಗಾಗುತ್ತದೆ. ಮ್ಯಾನುಯಲ್‌ನಲ್ಲಿ ಒಟ್ಟು 8 ಲೀಟರ್ ಎಂದಿದ್ದರೆ ಮೊದಲು 4 ಲೀಟರ್ ನೀರು ಬೆರೆಸದ ಗಟ್ಟಿ ಕೂಲೆಂಟ್ ಹಾಕಿ, ಮಿಕ್ಕಿದ್ದಕ್ಕೆ ಡಿಸ್ಟಿಲ್ಡ್ ವಾಟರ್ ತುಂಬಿ.

ಗಾಳಿ ತೆಗೆಯಲು ಗಾಡಿಯ ಮೂತಿಯನ್ನು ಏರಿನ ಕಡೆಗೆ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ. ತಣ್ಣನೆ ಎಂಜಿನ್ನಿನಲ್ಲೇ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ ಐಡ್ಲಿಂಗ್‌ನಲ್ಲಿ ಬಿಡಿ. ಮೇಲಿನ ಹೋಸ್ ಬಿಸಿಯಾದಾಗ ಥರ್ಮೋಸ್ಟಾಟ್ ತೆರೆದಿದೆ ಎಂದು ತಿಳಿಯುತ್ತದೆ, ಆಗ ನೀರಿನ ಮಟ್ಟ ಕುಸಿಯುತ್ತದೆ. ತುಂಬುತ್ತಾ ಹೋಗಿ, ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ.

ವೈರಿಂಗ್_ನೋಡಿ:
ಗುಳ್ಳೆ ನಿಲ್ಲದೇ ಬರುತ್ತಿದ್ದರೆ, ಅಥವಾ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಗಟ್ಟಿಯಾದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ನೋಡಬೇಕಾಗುತ್ತದೆ. ಎಂಜಿನ್ನಿನ ಹೊಗೆ ನೀರಿಗೆ ಸೇರುತ್ತಿದೆಯೇ ಎಂದು ನೋಡುವ ನೀಲಿ ದ್ರಾವಣದ ಪರೀಕ್ಷೆ ಮಾಡಿಸುವಾಗ ಎಂಜಿನ್ ಆರ್‌ಪಿಎಂ ಏರಿಸಿ ಹಿಡಿಯಲು ಹೇಳಿ. ಡೀಸೆಲ್ ಎಂಜಿನ್ ಐಡ್ಲಿಂಗ್‌ನಲ್ಲಿ ಬಿಡುವ ಇಂಗಾಲದ ಡೈಆಕ್ಸೈಡ್ ಕಡಿಮೆ, ಗ್ಯಾಸ್ಕೆಟ್ ಸೋರುತ್ತಿದ್ದರೂ ಬಣ್ಣ ಬದಲಾಗದೇ ಇರಬಹುದು.

ಫ್ಲಶ್ ಆದ ಮೇಲೂ ಘಾಟಿಯಲ್ಲಿ ಏರಿದರೆ ಎಂಜಿನ್ ಆಫ್ ಮಾಡಿದ ಕೂಡಲೇ ಅದೇ ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ರೇಡಿಯೇಟರ್ ಉದ್ದಗಲ ಅಳೆಯಿರಿ, ಫ್ಯಾನಿಗೆ ಕೈ ತಾಗದಂತೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನ ತಣ್ಣಗಾಗುವುದು ಸಹಜ. ನಡುವೆ ಅಲ್ಲಲ್ಲಿ ತಣ್ಣನೆ ಪಟ್ಟಿ ಸಿಕ್ಕರೆ ಆ ಕೊಳವೆಗಳು ಕಟ್ಟಿವೆ, ಔಷಧಿಗೆ ಬಿಡುವುದಿಲ್ಲ, ರೇಡಿಯೇಟರ್ ಅಂಗಡಿಯಲ್ಲಿ ಟ್ಯಾಂಕ್ ಬಿಚ್ಚಿಸಿ ಸಲಾಕೆ ಹಾಕಿಸಬೇಕು, ಇಲ್ಲವೇ ಹೊಸ ಕೋರ್ ಹಾಕಿಸಬೇಕು.