ಮೈಕಟ್ಟಿನ ಮಾತಿಗೆ ಕುಗ್ಗುವ ಹುಡುಗಿಗೆ ಸ್ತ್ರೀವಾದ ಏನು ಹೇಳುತ್ತದೆ?

ಪ್ರಶ್ನೆ: ಗೃಹಿಣಿ, ಜಯನಗರ

ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗಳು ಕೆಲವು ತಿಂಗಳಿಂದ ಮಧ್ಯಾಹ್ನದ ಡಬ್ಬಿಯನ್ನು ಮುಟ್ಟದೆ ವಾಪಸು ತರುತ್ತಿದ್ದಾಳೆ. ಚೂಡಿದಾರ ಹೊಲಿಸಲು ಹೋದಾಗ ದರ್ಜಿಯವರು ಸೊಂಟದ ಅಳತೆಯನ್ನು, ಬರೆದುಕೊಳ್ಳುವ ಹುಡುಗನಿಗೆ ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಕೂಗಿ ಹೇಳಿದರು. ಅವಳು ದುಪಟ್ಟಾವನ್ನು ಎರಡೂ ಕೈಯಿಂದ ಹೊಟ್ಟೆಗೆ ಒತ್ತಿಕೊಂಡು ತಲೆ ತಗ್ಗಿಸಿ ನಿಂತಿದ್ದಳು. ‘ನಿನ್ನ ದೇಹವನ್ನು ನೀನೇ ಪ್ರೀತಿಸಬೇಕು ಪುಟ್ಟಿ’ ಎಂದರೆ, ‘ಅದೂ ಒಂದು ಪರೀಕ್ಷೆ ಚಿಕ್ಕಮ್ಮ, ಅದರಲ್ಲೂ ನಾನು ಫೇಲು’ ಎಂದಳು. ಬಾಡಿ ಪಾಸಿಟಿವಿಟಿ, ಅಂದರೆ ದೇಹ ಹೇಗಿದ್ದರೂ ಅದನ್ನು ಒಪ್ಪಿಕೊಂಡು ಗೌರವಿಸಬೇಕು ಎನ್ನುವುದು ನಿಜಕ್ಕೂ ಸ್ತ್ರೀವಾದಕ್ಕೆ ಸೇರಿದ ವಿಚಾರವೋ, ಜಾಹೀರಾತಿನವರ ಮಾತೋ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಮಹಿಳಾ ಅಧ್ಯಯನದ ವಿದ್ಯಾರ್ಥಿನಿ

ಮೇಡಂ, ಆ ಹುಡುಗಿ ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾಳೆ. ಈ ವಿಚಾರ ಹುಟ್ಟಿದ್ದು ಕನ್ನಡಿಯ ಮುಂದೆ ಅಲ್ಲ. ಅಮೆರಿಕದಲ್ಲಿ 1969ರಲ್ಲಿ ಸ್ಥೂಲಕಾಯರ ಹಕ್ಕುಗಳಿಗಾಗಿ ಒಂದು ಸಂಘ ಆರಂಭವಾಯಿತು. 1973ರಲ್ಲಿ ಲಾಸ್ ಏಂಜಲೀಸಿನ ‘ಫ್ಯಾಟ್ ಅಂಡರ್‌ಗ್ರೌಂಡ್’ ಎಂಬ ಸ್ತ್ರೀವಾದಿ ಗುಂಪಿನವರು ಪ್ರಣಾಳಿಕೆಯೊಂದನ್ನು ಹೊರಡಿಸಿ, ಉದ್ಯೋಗ, ಶಿಕ್ಷಣ, ವೈದ್ಯಕೀಯ ಸೇವೆಗಳಲ್ಲಿ ಸಮಾನ ಹಕ್ಕು ಕೇಳಿದರು ಮತ್ತು ತೂಕ ಇಳಿಸುವ ಉದ್ಯಮವನ್ನು ನೇರವಾಗಿ ವಿರೋಧಿಸಿದರು. ಬದಲಾಗಬೇಕಾದವರು ಸುತ್ತಲಿನ ಜನ ಎಂಬುದು ಅವರ ನಿಲುವಾಗಿತ್ತು. ‘ನಿನ್ನನ್ನು ನೀನು ಪ್ರೀತಿಸು’ ಎಂಬ ಇಂದಿನ ಘೋಷಣೆ ಆ ಹೊಣೆಯನ್ನೆಲ್ಲ ಮತ್ತೆ ಹುಡುಗಿಯ ತಲೆಗೇ ಕಟ್ಟುತ್ತದೆ, ನನ್ನ ತಕರಾರು ಇರುವುದು ಇಲ್ಲಿಯೇ. ನಮ್ಮ ಬೆಂಗಳೂರಿನಲ್ಲೇ 1996ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಭಾರಿ ಪ್ರತಿಭಟನೆಗಳಾದವು. ಸಂಸ್ಕೃತಿ ಕೆಡುತ್ತದೆ ಎಂದವರೂ, ಹೆಣ್ಣಿನ ದೇಹ ಮಾರಾಟದ ಸರಕಲ್ಲ ಎಂದ ಮಹಿಳಾ ಸಂಘಟನೆಗಳೂ ಬೀದಿಗಿಳಿದಿದ್ದರು. ಕೊನೆಗೆ ಈಜುಡುಗೆಯ ಸುತ್ತನ್ನು ಸೆಶೆಲ್ಸ್ ದ್ವೀಪಕ್ಕೆ ಸಾಗಿಸಿದರು. ಹೆಣ್ಣನ್ನು ಅಳೆದು ಅಂಕ ಕೊಡುವ ಕ್ರಮವಂತೂ ಹಾಗೆಯೇ ಉಳಿಯಿತು.

ಉತ್ತರ 2: ಪಿಯು ಉಪನ್ಯಾಸಕಿ, ಮಲ್ಲೇಶ್ವರ

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಹುಡುಗರನ್ನು ಮರೆಯಬಾರದು. ಕಾಲೇಜಿನಲ್ಲಿ ಸಾಂಪ್ರದಾಯಿಕ ಉಡುಗೆ ತೊಟ್ಟು ಬರುವ ಎಥ್ನಿಕ್ ಡೇ ಹತ್ತಿರ ಬಂದರೆ ಹುಡುಗಿಯರು ಊಟ ಬಿಡುತ್ತಾರೆ, ಹುಡುಗರು ಯಾರನ್ನೂ ಕೇಳದೆ ಪ್ರೋಟೀನ್ ಪುಡಿ ಕುಡಿಯುತ್ತಾರೆ. ಮದುವೆಮನೆಯಲ್ಲಿ ‘ಏನಮ್ಮಾ, ದಪ್ಪಗಾಗಿಬಿಟ್ಟಿದ್ದೀಯಲ್ಲ’ ಎಂದು ಮಾತು ತೆಗೆಯುವ ನಮ್ಮ ಹಿರಿಯರು ಅದನ್ನು ಬಿಟ್ಟು ಓದಿನ ಬಗ್ಗೆಯೋ, ಆಟದ ಬಗ್ಗೆಯೋ ವಿಚಾರಿಸಲಿ.

ಉತ್ತರ 3: ಮಕ್ಕಳ ವೈದ್ಯೆ

ವಿಚಾರಗಳ ಚರ್ಚೆ ಬೇಕು, ಆದರೆ ತಿಂಗಳುಗಟ್ಟಲೆ ಊಟ ಬಿಟ್ಟಿರುವುದನ್ನು ಬರೀ ವಿಚಾರ ಎಂದು ಬಿಡಬೇಡಿ. ಮುಟ್ಟು ತಪ್ಪುವುದು, ತಲೆ ಸುತ್ತುವುದು, ತಿಂದ ಮೇಲೆ ವಾಂತಿ ಮಾಡಿಕೊಳ್ಳುವುದು ಕಂಡರೆ ಬೇಗ ವೈದ್ಯರಿಗೆ ತೋರಿಸಿ. ಅಂತರ್ಜಾಲದಲ್ಲಿ ಸಿಗುವ ವಯಸ್ಕರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಪಟ್ಟಿ 18 ತುಂಬದವರಿಗೆ ಹೊಂದುವುದಿಲ್ಲ; ಅವರಿಗೆ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಬೇರೆಯೇ ಪಟ್ಟಿಗಳಿವೆ. ಮಾತನಾಡಲು ಯಾರಾದರೂ ಬೇಕೆನಿಸಿದರೆ 2022ರಿಂದ ನಡೆಯುತ್ತಿರುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ವೈದ್ಯರ ಬಳಿ ಹೋಗುವಾಗ ಒಳಗೆ ಜೊತೆಯಲ್ಲಿ ಯಾರು ಬರಬೇಕು ಎಂಬುದನ್ನು ಅವಳನ್ನೇ ಕೇಳಿ. ತೂಕದ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಬೇಡಿ ಎಂದು ನೀವು ಮೊದಲೇ ತಿಳಿಸಿದರೆ ನಾವು ಖಂಡಿತ ಹಾಗೆಯೇ ನಡೆದುಕೊಳ್ಳುತ್ತೇವೆ.